ಯಾರೂ ನೋಡದ ಉಡಿಕಿ

ನಾನು ಬಾಯಿಬಡಕಿ ಎಂದು ಹೆಸರಾದವಳು. ಅಂದೋಲಾದ ನನ್ನ ಗಂಡನ ಮನೆಯಲ್ಲಿ, ಓಣಿಯಲ್ಲಿ, ಜೇವರ್ಗಿ ಬಸ್ಸಿನ ಕಂಡಕ್ಟರನ ಹತ್ತಿರ, ಎಲ್ಲಿಯೂ ಮಾತಿಗೆ ಸೋತವಳಲ್ಲ. ‘ಆಕಿ ಬಾಯಿಗೆ ಬೀಳಬ್ಯಾಡ್ರಿ’ ಎಂದು ನನ್ನ ಮೈದುನರು ತಮ್ಮ ಹೆಂಡಂದಿರಿಗೆ ನನ್ನೆದುರೇ ಬುದ್ಧಿ ಹೇಳುತ್ತಾರೆ. ಇಂಥ ಬಾಯಿ ಒಂದೇ ಒಂದು ದಿನ, ತೆರೆಯಲೇಬೇಕಾಗಿದ್ದ ದಿನ, ತೆರೆಯಲಿಲ್ಲ. ಆ ದಿನ ನನಗೆ ಹತ್ತೊಂಬತ್ತು ವರ್ಷ, ಕೈಯಲ್ಲಿ ಚಹಾದ ತಾಟು ಇತ್ತು.

ಅದನ್ನು ಹೇಳುವ ಮೊದಲು ಉಡಿಕಿ ಅಂದರೇನೆಂದು ಹೇಳಬೇಕು. ಗಂಡ ಸತ್ತವಳಿಗೆ ಇನ್ನೊಬ್ಬ ಗಂಡಸು ಸೀರೆ ಉಡಿಸಿ, ತಾಳಿ ಕಟ್ಟಿ ಮನೆ ತುಂಬಿಸಿಕೊಳ್ಳುವುದೇ ಉಡಿಕಿ. ಅದಕ್ಕೆ ಹಂದರವಿಲ್ಲ, ಬಾಜಾ ಇಲ್ಲ, ಅಯ್ಯನವರೂ ಬರುವುದಿಲ್ಲ. ಮುತ್ತೈದೆಯರು ಆ ಕಡೆ ಹಾಯುವಂತಿಲ್ಲ. ಗಂಡಸರು ಗೊತ್ತಿದ್ದೂ ಗೊತ್ತಿಲ್ಲದವರಂತೆ ಇರುತ್ತಾರೆ. ಗಂಡ ಸತ್ತ ಎರಡು ಮೂರು ಹೆಂಗಸರು ಸೇರಿ ಊರ ಹೊರಗೆಲ್ಲೋ ಮುಗಿಸಿಬಿಡುತ್ತಾರೆ. ಮದುವೆಯಾಗದ ಹುಡುಗಿ ನೋಡಿದಳೋ, ಅವಳ ಹಣೆಯಲ್ಲೂ ಉಡಿಕಿಯೇ ಬರೆದಿರುತ್ತದೆ. ಅಂದರೆ ಮೊದಲ ಗಂಡ ಬದುಕುವುದಿಲ್ಲ ಎಂದು ನಂಬಿಕೆ. ಶರಣರ ಮಕ್ಕಳು ನಾವು ಎಂದು ಎದೆ ತಟ್ಟಿಕೊಳ್ಳುವ ನಮ್ಮಂಥ ಮನೆಗಳಲ್ಲೂ ಇದಕ್ಕೇನೂ ಕೊರತೆಯಿರಲಿಲ್ಲ.

ನನ್ನ ತವರು ಆಳಂದ ತಾಲೂಕಿನಲ್ಲಿ, ನಿಂಬರ್ಗಾದಿಂದ ನಡೆದುಹೋಗುವಷ್ಟು ದೂರದ ಸಣ್ಣ ಊರು. ಅಜ್ಜ ತೀರಿಕೊಂಡ ಮೇಲೆ ಅಪ್ಪ ಮತ್ತು ಕಾಕಾ ಹಿಸೆಯಾಗಿದ್ದರು. ಅಂಗಳ ಒಂದೇ, ಒಲೆ ಎರಡು. ಕಾಕಾನ ಪಾಲಿಗೆ ಆರು ಎಕರೆ ಕರಿ ಹೊಲ ಬಂದಿತ್ತು. ಅವನಿಗೆ ಎರಡು ಕಡೆ ಹೆಣ್ಣು ನೋಡಿದ್ದರು, ಎರಡೂ ಮುರಿದುಬಿದ್ದವು. ಆಮೇಲೆ ಅವನೇ ಅಫಜಲಪುರದ ಕಡೆಯಿಂದ, ಹವಳಗಾದ ಒಬ್ಬಳನ್ನು ಕರೆತರುತ್ತೇನೆಂದು ಹಟ ಹಿಡಿದ. ಆಕೆಯ ಗಂಡ ಹಾವು ಕಚ್ಚಿ ಸತ್ತು ನಾಲ್ಕು ವರ್ಷವಾಗಿತ್ತು. ಅಪ್ಪ ಒಪ್ಪಲಿಲ್ಲ, ಬೇಡ ಎಂದೂ ಹೇಳಲಿಲ್ಲ. ‘ನಿನ್ನ ಪಾಲು ನಿನ್ನದು, ನಿನ್ನ ಹಣೆಬರಹ ನಿನ್ನದು’ ಎಂದು ಧೋತ್ರ ಝಾಡಿಸಿಕೊಂಡು ಎದ್ದುಹೋದ.

ಉಡಿಕಿ ಕತ್ತಲಲ್ಲಿ ಮಾಡುವ ಪದ್ಧತಿ. ಇವರದು ಹಗಲಲ್ಲೇ ಆಯಿತು. ತೊಗರಿ ರಾಶಿಯ ದಿನಗಳು. ಊರಿನ ಮಂದಿಯೆಲ್ಲ ಹೊಲದಲ್ಲಿದ್ದರು, ಹಗಲಾದರೂ ನೋಡುವವರಿಲ್ಲ ಎಂದು ಧೈರ್ಯ ಮಾಡಿರಬೇಕು. ನನಗೆ ಆಗ ಹನ್ನೊಂದು ವರ್ಷ. ಊರ ಹೊರಗಿನ ಹಣಮಪ್ಪನ ಗುಡಿಯ ಹಿಂದೆ ಬಾರಿಹಣ್ಣು ಆರಿಸಲು ಒಬ್ಬಳೇ ಹೋಗಿದ್ದೆ. ಗುಡಿಯ ಮುಂದೆ ಮಾತು ಕೇಳಿ ಗಿಡದ ಮರೆಯಿಂದ ಇಣುಕಿದೆ. ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ನಿಂತಿದ್ದಳು. ಹವಳಗಾದಿಂದ ಬಂದ ಒಬ್ಬ ಮುದುಕಿ ಇದ್ದಳು, ಆ ಹೆಣ್ಣಿನ ಚಿಗವ್ವ. ಮೂರನೆಯವಳು ನಮ್ಮೂರಿನ ಬಳೆಗಾರ ಬೂಬು, ಆಕೆಯೂ ಗಂಡನನ್ನು ಕಳೆದುಕೊಂಡವಳು. ಬೂಬು ಆ ಹೆಣ್ಣಿನ ಕೈ ಹಿಸುಕಿ ಹಿಸುಕಿ ಹಸಿರು ಬಳೆ ಏರಿಸುತ್ತ, ‘ಹಾತ್ ಢೀಲಾ ಛೋಡೋ ಮಾ, ಕೈ ಸಡಲ ಬಿಡವ್ವ, ಅಂಜಬ್ಯಾಡ’ ಎನ್ನುತ್ತಿದ್ದಳು. ಕಾಕಾ ತಾಳಿ ಕಟ್ಟಿದ. ಅಕ್ಕಿಕಾಳು ಹಾಕಲು ಯಾರೂ ಇರಲಿಲ್ಲ. ಆಯಿಯೇ ಉಡಿಯಿಂದ ನಾಲ್ಕು ಜೋಳದ ಕಾಳು ತೆಗೆದು ಇಬ್ಬರ ತಲೆಯ ಮೇಲೂ ಹಾಕಿ, ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು ಖುಷಿಯಿಂದ ಓಡಿ ಬಂದು ಅವ್ವನಿಗೆ ಹೇಳಿದೆ. ಅವ್ವನ ಮುಖ ಬಿಳಿಚಿಕೊಂಡಿತು. ಎಳೆದುಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿ ಲಂಗದ ಸಮೇತ ತಲೆಯ ಮೇಲೆ ನೀರು ಸುರಿದಳು. ಹಣೆಗೆ ವಿಭೂತಿ ಬಡಿದಳು. ‘ನೋಡೀನಿ ಅಂತ ಯಾರ ಮುಂದರ ಬಾಯಿ ಬಿಟ್ಟಿ ಅಂದ್ರ ಸುಟ್ಟಬಿಡ್ತೇನಿ ನಾಲಿಗಿ! ನಿನ್ನ ಯಾರ ಮಾಡ್ಕೋತಾರಬೇ, ಮುಕಳ್ಯಾಗ ಕಣ್ಣಿಟ್ಕೊಂಡ ಹುಟ್ಟೀದೇನು?’ ಎಂದು ಬೈದಳು, ಆಮೇಲೆ ಅಪ್ಪಿಕೊಂಡು ಅತ್ತಳು. ನಾನು ಹೆದರಿ ಆಣೆ ಮಾಡಿದೆ.

ಕಾಕಿ ನಮ್ಮ ಅಂಗಳಕ್ಕೆ ಬಂದಳು. ನಮ್ಮ ಮನೆಯವರು ಆಕೆಯನ್ನು ಎಂಟು ವರ್ಷ ‘ಆಕಿ’ ಎಂದೇ ಕರೆದರು. ನಾನು ಮಾತ್ರ ಯಾರೂ ಇಲ್ಲದಾಗ ಕಾಕಿ ಎನ್ನುತ್ತಿದ್ದೆ, ಆಕೆ ಹುರಿದ ಶೇಂಗಾ ಕೈಗಿಡುತ್ತಿದ್ದಳು. ಮನೆಯ ಆರತಿಗೆ ಆಕೆಯನ್ನು ಕರೆಯುತ್ತಿರಲಿಲ್ಲ; ತೊಟ್ಟಿಲಿಗೆ ಕೈ ಹಚ್ಚಗೊಡುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ಆದರೂ ಆ ಕಡೆಯ ಒಲೆಯಿಂದ ಇಬ್ಬರೂ ನಗುವುದು ಕೇಳಿಸುತ್ತಿತ್ತು. ನಮ್ಮ ಕಡೆಯ ಒಲೆಯ ಮುಂದೆ ನಗು ಕಡಿಮೆ.

ಕಾಕಾ ಹೋಗಿದ್ದು ಹೊಲದಲ್ಲಿ. ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚಿಕೊಂಡು ಕೂತವನು ಕೂತ ಹಾಗೇ ಇದ್ದ, ಮುಟ್ಟಿದರೆ ತಣ್ಣಗಾಗಿದ್ದ. ನಲವತ್ತು ದಾಟಿತ್ತೋ ಇಲ್ಲವೋ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಕೊಡುತ್ತಾರೆ. ಅಂಗೈಯಲ್ಲಿ ಲಿಂಗವಿಟ್ಟು ಅವನ ಹೊಲದಲ್ಲೇ, ಆ ಬೇವಿನ ಬುಡದಲ್ಲೇ ಕೂರಿಸಿದರು. ಮನೆಯಲ್ಲಿ ಊರ ಹೆಂಗಸರು ಬಂದು ಕಾಕಿಯ ತಾಳಿ ತೆಗೆದರು, ಬಳೆ ಒಡೆದರು. ಎಂಟು ವರ್ಷ ಆಕೆಯನ್ನು ಮುತ್ತೈದೆ ಎನ್ನದ ಹೆಂಗಸರು! ಬಳೆ ಒಡೆಯುವಾಗ ಮಾತ್ರ ಒಬ್ಬಳಿಗೂ ಅನುಮಾನ ಬರಲಿಲ್ಲ, ಇವಳು ಅವನ ಹೆಂಡತಿ ಹೌದೋ ಅಲ್ಲವೋ ಎಂದು. ಈಗಲೂ ಅದು ನೆನಪಾದರೆ ನನ್ನ ಮೈ ಉರಿಯುತ್ತದೆ.

ಕಾಕಾ ಏನೂ ಬರೆದಿಟ್ಟಿರಲಿಲ್ಲ. ನಮ್ಮಲ್ಲಿ ಬರೆಯುವುದಿಲ್ಲ, ಬರೆದರೆ ಸಾವನ್ನು ಕರೆದಂತೆ ಎನ್ನುತ್ತಾರೆ. ಮೂರು ತಿಂಗಳ ಮೇಲೆ ಹೊಲಕ್ಕೆ ಹೆಸರು ಏರಿಸುವ ವಾರಸಾ ಚೌಕಾಶಿಗೆ, ಅಂದರೆ ವಾರಸುದಾರರ ವಿಚಾರಣೆಗೆ, ಕಂದಾಯದ ಗಿರ್ದಾವರ ಸಾಹೇಬರು ಬಂದರು, ಜೊತೆಗೆ ಊರ ಲೆಕ್ಕ ಬರೆಯುವ ಪಟವಾರಿ. ನಮ್ಮ ಪಡಸಾಲೆಯಲ್ಲೇ ಕೂತರು. ಊರಿನ ನಾಲ್ಕು ಹಿರಿಯರು, ಅಪ್ಪ, ಕಂಬಕ್ಕೆ ಒರಗಿ ನೆಲದ ಮೇಲೆ ಕಾಕಿ. ಗಿರ್ದಾವರರು ಕೆಟ್ಟ ಮನುಷ್ಯರಲ್ಲ. ಸಮಾಧಾನದಿಂದ ಕೇಳಿದರು, ‘ನೋಡವ್ವಾ, ನೀ ಹೇಣ್ತಿ ಅಂತ ಸಾಬೀತಾದ್ರ ಹೊಲಾ ಮನಿ ಎಲ್ಲಾ ನಿನಗ ಬರ್ತದ. ಇಲ್ಲಂದ್ರ ಅಣ್ಣಗ ಹೋಗ್ತದ. ಲಗ್ನ ಆಗಿದ್ದು ಯಾರರ ನೋಡ್ಯಾರೇನು?’

ಕಾಕಿ ತಲೆ ಎತ್ತದೆ ಹೇಳಿದಳು, ‘ಮೂರ ಮಂದಿ ಇದ್ರುರಿ. ನಮ್ಮತ್ತಿ ಒಬ್ಬಾಕಿ.’

‘ಆಕಿ ತೀರಕೊಂಡು ಎರಡ ವರ್ಷ ಆತ್ರಿ’ ಎಂದ ಪಟವಾರಿ.

‘ನಮ್ಮ ಚಿಗವ್ವ.’ ಆಕೆಯೂ ತೀರಿಕೊಂಡಿದ್ದಳು. ‘ಬಳಿಗಾರ ಬೂಬು.’ ಬೂಬು ಮಗನ ಸಂಗಡ ಸೋಲಾಪುರಕ್ಕೋ ಮತ್ತೆಲ್ಲಿಗೋ ಹೋಗಿ ಐದು ವರ್ಷವಾಗಿತ್ತು, ಗುರುತು ಹೇಳುವವರಿರಲಿಲ್ಲ.

ಗಿರ್ದಾವರರು ಹಿರಿಯರ ಕಡೆ ತಿರುಗಿದರು. ‘ಏನ್ರಿ, ನಿಮಗೇನು ಗೊತ್ತದ?’

‘ಇಬ್ರೂ ಒಂದ ಮನ್ಯಾಗ ಇದ್ರು, ಅಷ್ಟ ಗೊತ್ತರಿ’ ಎಂದರು ಒಬ್ಬರು. ‘ಲಗ್ನ ನಾವು ನೋಡಿಲ್ರಿ’ ಎಂದರು ಇನ್ನೊಬ್ಬರು. ಸುಳ್ಳಲ್ಲ. ಊರಿಗೆ ಊರೇ ಗೊತ್ತಿತ್ತು, ಊರಿಗೆ ಊರೇ ನೋಡಿರಲಿಲ್ಲ. ನೋಡಬಾರದು ಎಂದು ಕಟ್ಟುಮಾಡಿದವರೂ ಇವರೇ, ನೋಡಿಲ್ಲ ಎನ್ನುವವರೂ ಇವರೇ. ಅಪ್ಪ ಮೀಸೆ ನೀವಿಕೊಳ್ಳುತ್ತ ಸುಮ್ಮನೆ ಕೂತಿದ್ದ.

ಆಗ ನಾನು ಚಹಾ ತೆಗೆದುಕೊಂಡು ಬಾಗಿಲಿಗೆ ಬಂದೆ. ‘ಇವರು ಮೂರ ಮಂದಿ ಬಿಟ್ರ ಮತ್ತ್ಯಾರರ ನೋಡ್ಯಾರೇನವ್ವಾ? ನೆಪ್ಪ ಮಾಡ್ಕೋ’ ಎಂದು ಗಿರ್ದಾವರರು ಮತ್ತೆ ಕೇಳಿದರು. ಕಾಕಿ ತಲೆ ಎತ್ತಿದಳು. ಬಾಗಿಲ ಕಡೆ, ನನ್ನ ಕಡೆ ನೋಡಿದಳು. ಸುಮ್ಮನೆ ನೋಡಿದಳು ಎಂದುಕೊಂಡೆ ಆಗ, ಮನುಷ್ಯರು ಬಂದರೆ ನೋಡುವುದಿಲ್ಲವೇ ಹಾಗೆ. ಅಂದೋಲಾದಿಂದ ಬೀಗರು ಬಂದು ನನ್ನನ್ನು ನೋಡಿ ಒಪ್ಪಿಕೊಂಡು ಹೋಗಿ ಎಂಟು ದಿನವಾಗಿತ್ತು. ಅಡುಗೆಮನೆಯ ಕತ್ತಲಲ್ಲಿ ಅವ್ವ ನನ್ನ ಬೆನ್ನಿಗೇ ನಿಂತಿದ್ದಳು. ಆಕೆಯ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ‘ನಾ ನೋಡೀನ್ರಿ’ ಎರಡೇ ಶಬ್ದ. ನಾಲಿಗೆಯ ತುದಿಗೆ ಬಂದಿತ್ತು.

‘ಯಾರಿಲ್ರಿ’ ಎಂದಳು ಕಾಕಿ.

ನಾನು ಚಹಾ ಕೊಟ್ಟೆ. ಎಲ್ಲರೂ ಕುಡಿದರು. ಪಂಚನಾಮೆ ಬರೆದು ಸಹಿ ಮಾಡಿದರು, ಹೊಲಕ್ಕೆ ಅಪ್ಪನ ಹೆಸರು ಏರಿತು. ಅಪ್ಪ ದೊಡ್ಡ ಮನಸ್ಸು ಮಾಡಿದವನಂತೆ, ‘ಇರವ್ವಾ ಇಲ್ಲೇ, ಮೂಲ್ಯಾಗ ಬಿದ್ದಿರು. ಊಟಾ ಅರಿವಿ ಬಟ್ಟಿಗೇನು ಕಡಿಮಿ ಮಾಡಾಂಗಿಲ್ಲ’ ಎಂದ. ಕಾಕಿ ಎದ್ದು ನಿಂತಳು. ‘ಇಟ್ಟುಕೊಂಡಾಕಿ ಅಂತ ಬರಸಿದ ಮನ್ಯಾಗ ಹ್ಯಾಂಗ ಬೀಳ್ಲೆಣ್ಣಾ?’ ಎಂದಳು. ಅಷ್ಟೇ. ತಗಡಿನ ಪೆಟ್ಟಿಗೆಯೊಂದನ್ನು ತಲೆಯ ಮೇಲಿಟ್ಟುಕೊಂಡು, ಹೊಲದ ದಾರಿ ಹಿಡಿದು ಹೋಗಿ, ಅಲ್ಲಿ ಸ್ವಲ್ಪ ಹೊತ್ತು ಕೂತು, ಅಲ್ಲಿಂದಲೇ ರಸ್ತೆಗೆ ಇಳಿದು ಅಫಜಲಪುರದ ಬಸ್ಸು ಹತ್ತಿದಳಂತೆ. ನಾನು ಅಟ್ಟದ ಮೇಲೆ ಹೋಗಿ ಕಾಳಿನ ಚೀಲಗಳ ನಡುವೆ ಕೂತು ಅತ್ತೆ.

ಆಮೇಲೆ ಕಾಕಾ ಬರತೊಡಗಿದ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಬದುಕಿದ್ದಾಗ ಅವನು ಅಂಗಳಕ್ಕೆ ಕಾಲಿಡುವ ಮೊದಲು ಒಂದು ಸಲ ಕೆಮ್ಮುತ್ತಿದ್ದ, ಅಣ್ಣನ ಹೆಂಡತಿ ಸೆರಗು ಹೊದ್ದುಕೊಳ್ಳಲಿ ಎಂದು. ಆ ಕೆಮ್ಮು ಮಟಮಟ ಮಧ್ಯಾಹ್ನ ಕೇಳಿಸತೊಡಗಿತು. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಿಂದಲೇ ತಲೆಯ ಮೇಲೆ ಸೆರಗು ಎಳೆದುಕೊಳ್ಳುವಳು. ಎಳೆದುಕೊಂಡ ಮೇಲೆ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಅಂಗಳದಲ್ಲಿ ಯಾರೂ ಇರುತ್ತಿರಲಿಲ್ಲ. ಹಿಟ್ಟಿನ ಬೆರಳ ಗುರುತು ಮಾತ್ರ ಸೆರಗಿನ ಮೇಲೆ ಸಂಜೆಯ ತನಕ ಇರುತ್ತಿತ್ತು.

ಅಪ್ಪನ ಗತಿ ಇನ್ನೂ ಕೆಟ್ಟದಾಯಿತು. ಆ ಹೊಲಕ್ಕೆ ಹೋಗುವನು, ಬುತ್ತಿ ಬಿಚ್ಚದೆ ವಾಪಸು ತರುವನು. ಯಾಕೆ ಎಂದರೆ ‘ಅಂವ ನೋಡಾಕತ್ತಾನ’ ಎನ್ನುವನು. ಬೇವಿನ ಗಿಡದ ಸುತ್ತ ನೇಗಿಲು ಹಾಯಿಸಲು ಆಳುಗಳಿಗೂ ಬಿಡಲಿಲ್ಲ. ಮೊದಲ ವರ್ಷ ಒಂದು ಮಾರು ಬಿಟ್ಟ, ಮರುವರ್ಷ ಇನ್ನೂ ಸ್ವಲ್ಪ. ಹತ್ತು ವರ್ಷದಲ್ಲಿ ಆ ಗಿಡದ ಸುತ್ತ ಮುಕ್ಕಾಲು ಎಕರೆ ಬೀಳುಬಿದ್ದು ಜಾಲಿ ಬೆಳೆಯಿತು. ತಮ್ಮನ ಹೊಲ ನುಂಗಿದವನು ತಮ್ಮನಿಗೇ ತುಣುಕು ತುಣುಕಾಗಿ ಹಿಂದಕ್ಕೆ ಕೊಡುತ್ತಿದ್ದಾನೆ ಎನಿಸುತ್ತಿತ್ತು ನನಗೆ.

ನಾನು ಅಂದೋಲಾಕ್ಕೆ ಬಂದೆ. ಅಲ್ಲಿಗೂ ಬಂತು ಆ ಕೆಮ್ಮು. ಗಂಡನಿಗೆ ಊಟ ಬಡಿಸುವಾಗ ಕೇಳಿಸಿದರೆ ಸೌಟು ಹಿಡಿದುಕೊಂಡೇ ಅಂಗಳಕ್ಕೆ ಹೋಗಿ ನೋಡಿ ಬರುತ್ತಿದ್ದೆ. ಅವ್ವನ ಹೆದರಿಕೆ ಬೇರೆ ತಲೆಯಲ್ಲಿ ಕೂತುಬಿಟ್ಟಿತ್ತು: ನೋಡಿದವಳ ಗಂಡ ಬದುಕುವುದಿಲ್ಲ. ಅವನಿಗೆ ಜ್ವರ ಬಂದರೆ, ಬಸ್ಸು ತಡವಾದರೆ, ನಾನು ಬಾಗಿಲಲ್ಲೇ ನಿಂತಿರುತ್ತಿದ್ದೆ. ಆ ಮನುಷ್ಯನೋ ಇವತ್ತಿಗೂ ಗುಂಡುಕಲ್ಲಿನ ಹಾಗೆ ಇದ್ದಾನೆ, ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಾನೆ! ಏನೂ ಆಗದ ಒಂದು ಹೆದರಿಕೆಗಾಗಿ ಒಬ್ಬ ಹೆಣ್ಣಿನ ಬಾಳು ಮುಳುಗಿಸಿದೆನಲ್ಲ ಎಂದು ಅವನ ಆರೋಗ್ಯ ಕಂಡು ಒಮ್ಮೊಮ್ಮೆ ಸಿಟ್ಟೂ ಬಂದದ್ದುಂಟು. ದೇವರು ಕ್ಷಮಿಸಲಿ.

ತೊಂಬತ್ತರ ದಶಕ ಶುರುವಾದ ಹೊತ್ತಿಗೆ ಅವ್ವ ಹೋದಳು, ಅದರ ಮರುವರ್ಷ ಅಪ್ಪ. ಅಪ್ಪನೂ ಏನೂ ಬರೆದಿರಲಿಲ್ಲ. ಕೊನೆಯ ದಿನಗಳಲ್ಲಿ ಅವನ ಹಾಸಿಗೆಯ ಬಳಿ ಕೂತಿದ್ದೆ. ಒಂದು ಮಧ್ಯಾಹ್ನ ಗೋಡೆ ನೋಡುತ್ತ, ‘ನಮ್ಮವ್ವ ನನಗ ಹೇಳಿದ್ಲು. ತಾಳಿ ಕಟ್ಟಸೇನಿ, ಕಾಳ ಹಾಕೇನಿ ಅಂದಿದ್ಲು’ ಎಂದ. ‘ಮತ್ತ ಅವತ್ತ ಯಾಕ ಹೇಳಲಿಲ್ಲಪಾ?’ ಎಂದೆ. ‘ನಾ ನೋಡಿದ್ದಿಲ್ಲಲ್ಲ’ ಎಂದು ಮಗ್ಗುಲಾದ. ಅವನ ಕುತ್ತಿಗೆ ಹಿಚುಕಬೇಕು ಎನಿಸಿತು. ಮರುಕ್ಷಣ, ನೋಡಿದ ನಾನೇನು ಕಡಿದು ಕಟ್ಟೆ ಹಾಕಿದೆ ಎಂದುಕೊಂಡು ಔಷಧಿ ಕುಡಿಸಿದೆ.

ದಿನಕರ್ಮ ಮುಗಿದ ಮೇಲೆ ನನ್ನ ತಮ್ಮ ಸೀರೆ, ತೆಂಗಿನಕಾಯಿ, ಜೊತೆಗೊಂದು ಕಾಗದ ಹಿಡಿದು ಅಂದೋಲಾಕ್ಕೆ ಬಂದ. ಹಕ್ಕು ಬಿಟ್ಟುಕೊಟ್ಟೆ ಎಂದು ಅಕ್ಕತಂಗಿಯರು ಸಹಿ ಹಾಕುವುದು, ಉಡಿ ತುಂಬಿಸಿಕೊಂಡು ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಪೆನ್ನು ತೆಗೆದುಕೊಟ್ಟ. ನಾನು, ‘ಎಲ್ಲಾ ನೀನ ಇಟ್ಕೋ. ಕಾಕಾನ ಹೊಲ ನನ್ನ ಪಾಲಿಗೆ ಬರಲಿ’ ಎಂದೆ.

‘ಆ ಜಾಲಿ ಹೊಲಾ ತಗೊಂಡು ಏನ್ ಮಾಡ್ತೀಯಕ್ಕಾ? ಮಂದಿ ಏನಂತಾರ?’

‘ಮಂದಿ! ಮಂದಿ ಏನೂ ಅನ್ನಾಂಗಿಲ್ಲ. ಮಂದಿ ಏನೂ ನೋಡಿರಾಂಗಿಲ್ಲ’ ಎಂದೆ. ಅವನಿಗೆ ಅರ್ಥವಾಗಲಿಲ್ಲ. ಒಂದು ವರ್ಷ ಎಳೆದಾಡಿದ, ಕೊನೆಗೆ ಹೊಲ ಬಿಟ್ಟುಕೊಟ್ಟ, ಮಾತೂ ಬಿಟ್ಟ. ಪಂಚಮಿಗೆ ಕರೆಯಲು ಬರುವುದು ನಿಂತಿತು. ತವರು ಹೋಯಿತು. ಅದರ ಸಂಕಟ ಏನು ಕಡಿಮೆಯಲ್ಲ, ಆದರೆ ಕಾಕಿ ನಡೆದುಹೋದ ದಾರಿಯ ಮುಂದೆ ಅದು ದೊಡ್ಡದೆನಿಸಲಿಲ್ಲ.

ಪಹಣಿಯಲ್ಲಿ ನನ್ನ ಹೆಸರು ಬಂದ ತಿಂಗಳೇ ಆ ಕಾಗದ ಚೀಲದಲ್ಲಿಟ್ಟುಕೊಂಡು ಹವಳಗಾಕ್ಕೆ ಹೋದೆ. ಕಬ್ಬಿನ ಗಾಡಿಗಳ ಹಿಂದೆ ಬಸ್ಸು ತೆವಳಿತು. ಕಾಕಿ ಅಣ್ಣನ ಮಗನ ಮನೆಯ ಹಿಂದೆ ಒಂದು ತಗಡಿನ ಕೋಣೆಯಲ್ಲಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ‘ಬಾರವ್ವ, ಬಿಸಲಾಗ ಬಂದೀದಿ’ ಎಂದು ನೀರು ಕೊಟ್ಟಳು. ನಾನು ಕೂರಲಿಲ್ಲ. ಕಾಗದ ತೆಗೆದು ಆಕೆಯ ಮುಂದಿಟ್ಟು ಒಂದೇ ಉಸಿರಿಗೆ ಹೇಳಿಬಿಟ್ಟೆ: ‘ಕಾಕಿ, ನಾ ನೋಡಿದ್ದೆ. ಹಣಮಪ್ಪನ ಗುಡಿ ಮುಂದ ನಿಮ್ಮ ಉಡಿಕಿ ನಾ ನೋಡಿದ್ದೆ. ಅವತ್ತ ಹೇಳಲಿಲ್ಲ. ಈ ಹೊಲ ನಿನ್ನ ಹೆಸರಿಗೆ ಮಾಡ್ತೇನಿ.’

ಕಾಕಿ ಕಾಗದ ಮುಟ್ಟಲಿಲ್ಲ. ‘ಗೊತ್ತದ’ ಎಂದಳು.

‘ಏನ್ ಗೊತ್ತದ?’

‘ನೀ ಬಾರಿ ಗಿಡದ ಮರಿಗೆ ನಿಂತಿದ್ದಿ. ಲಂಗ ಮುಳ್ಳಿಗೆ ಸಿಕ್ಕಿತ್ತು, ಬಿಡಿಸ್ಕೊಳ್ಳಾಕತ್ತಿದ್ದಿ. ಮನಿಗೆ ಬಂದ ಮ್ಯಾಲ ನಿಮ್ಮ ಕಾಕಾಗ ಹೇಳಿದೆ. ಅಂವ ನಕ್ಕ. ಹೋಗ್ಲಿ ಬಿಡು, ಅವ್ವನ ಬಿಟ್ಟು ನಮ್ಮ ಮಂದ್ಯಾಗ ಇನ್ನೊಬ್ಬಾಕಿಯರ ನಮ್ಮ ಲಗ್ನಕ್ಕ ಬಂದಿದ್ಲಲ್ಲ ಅಂದ.’

ನಾನು ಅಲ್ಲೇ ನೆಲದ ಮೇಲೆ ಕೂತೆ. ‘ಗಿರ್ದಾವರ ಕೇಳಿದಾಗ ಮತ್ತ ಯಾಕ ಹೇಳಲಿಲ್ಲ ಕಾಕಿ? ಯಾರಿಲ್ರಿ ಅಂದಿ.’

‘ಅಂದೋಲಾದ ಬೀಗರು ಬಂದು ಹೋಗಿದ್ರು. ಉಡಿಕಿ ನೋಡಿದ ಹುಡುಗಿ ಅಂತ ನಾನ ಹೆಸರು ತಗದ್ರ ನಿನ್ನ ಲಗ್ನ ನಿಂದರ್ತಿತ್ತು.’ ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ‘ನಾ ಹೆಸರು ತಗಿಯೂಹಂಗ ಇದ್ದಿಲ್ಲ. ನೀನಾಗಿ ಹೇಳ್ತೀಯೇನೋ ಅಂತ ಕುಂತಿದ್ದೆ.’

ನಾನು ಅಳುತ್ತ ಕಾಗದವನ್ನು ಮತ್ತೆ ಆಕೆಯ ಕಡೆಗೆ ಸರಿಸಿದೆ. ‘ಈಗ ಹೇಳ್ತೇನಿ ಕಾಕಿ. ಆಳಂದಕ್ಕ ಹೋಗಿ ಕಚೇರ್ಯಾಗ ಬರಸಿ ಕೊಡ್ತೇನಿ. ಹೊಲ ನಿನ್ನದು.’

‘ಹೊಲಾ ಒಯ್ದು ನಾ ಎಲ್ಲಿ ಇಟ್ಕೊಳ್ಲೆವ್ವ, ಈ ವಯಸ್ಸಿನ್ಯಾಗ? ಅವತ್ತೂ ನನಗ ಹೊಲ ಬೇಕಾಗಿದ್ದಿಲ್ಲ. ಈಕಿ ಆತನ ಹೇಣ್ತಿ ಹೌದು ಅಂತ ಆ ಪಡಸಾಲ್ಯಾಗ ಕುಂತ ಮಂದಿ ಒಂದ ಸಲ ಅನ್ನಬೇಕಿತ್ತು. ನಿಮ್ಮಪ್ಪ, ಪಟವಾರಿ, ಆ ಹಿರ್ಯಾರು, ಅವರಾಗ ಈಗ ಯಾರ ಉಳದಾರ?’ ಎಂದಳು. ‘ಈಗ ಯಾರ ಮುಂದ ಹೇಳ್ತಿ?’

ಒಬ್ಬರೂ ಉಳಿದಿರಲಿಲ್ಲ. ಕಾಕಿ ರೊಟ್ಟಿ ಬಡಿದು ಊಟಕ್ಕೆ ಹಾಕಿದಳು, ಬಸ್ಸಿನ ತನಕ ಬಂದು ಕಳಿಸಿದಳು. ಆ ಬೇಸಿಗೆಯಲ್ಲೇ ತೀರಿಕೊಂಡಳು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮೂರು ದಿನವಾಗಿತ್ತು, ಹವಳಗಾದಲ್ಲೇ ಮಣ್ಣು ಕೊಟ್ಟಿದ್ದರು. ಬೇವಿನ ಬುಡದಲ್ಲಿ ಕಾಕಾ ಒಬ್ಬನೇ ಕೂತಿದ್ದಾನೆ. ಹೊಲ ಈಗಲೂ ನನ್ನ ಹೆಸರಿನಲ್ಲಿದೆ.

ಕೇಳಬೇಕಾದವರು ಯಾರೂ ಇಲ್ಲದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ತೊಗರಿ ರಾಶಿಯ ದಿನಗಳಲ್ಲಿ ಒಂದು ಮಧ್ಯಾಹ್ನ, ಊರ ಹೊರಗಿನ ಗುಡಿಯ ಮುಂದೆ, ನನ್ನ ಕಾಕಾ ಆಕೆಗೆ ತಾಳಿ ಕಟ್ಟಿದ. ಆಯಿ ಕಾಳು ಹಾಕಿದಳು. ಆಕೆ ಅವನ ಹೆಂಡತಿ. ನಾನು ನೋಡಿದ್ದೇನೆ.